ಕಾರ್ಮಿಕರ ಕಾಯಿಲೆಗಳನ್ನು ಎಣಿಸಿದ ವೈದ್ಯೆ: ಡಾ. ಆಲಿಸ್ ಹ್ಯಾಮಿಲ್ಟನ್

ದುಡಿಮೆಯೇ ದುಡ್ಡಿನ ತಾಯಿ ಎಂಬ ಗಾದೆಯನ್ನು ಕೊಟ್ಟು ವಿಸ್ತರಿಸಿ ಬರೆಯಿರಿ ಎಂದು ನಾವು ಪ್ರತಿವರ್ಷವೂ ಮಕ್ಕಳಿಗೆ ಹೇಳುತ್ತೇವೆ. ಮಕ್ಕಳು ಇರುವೆ, ಜೇನುಹುಳು, ರೈತ ಎಲ್ಲರನ್ನೂ ನೆನೆದು ದುಡಿಮೆಯ ಹಿರಿಮೆಯನ್ನು ಸೊಗಸಾಗಿ ಬರೆಯುತ್ತಾರೆ. ಕಾಯಕವನ್ನೇ ಪೂಜೆಯೆಂದು ತಿಳಿದ ಹನ್ನೆರಡನೆಯ ಶತಮಾನದ ಶರಣರ ನಾಡಿನಿಂದ ಬಂದ ನಮಗೆ ಇದು ಸಹಜವೇ. ಆದರೆ ಈ ಗಾದೆಗೆ ಇನ್ನೊಂದು ಮಗ್ಗುಲಿದೆ. ಕೆಲವು ದುಡಿಮೆಗಳು ದುಡ್ಡಿನ ಜೊತೆಗೆ ಕಾಯಿಲೆಯನ್ನೂ ಹೆರುತ್ತವೆ. ಕಲ್ಲು ಒಡೆಯುವವನ ಶ್ವಾಸಕೋಶದಲ್ಲಿ ಧೂಳು ತುಂಬುತ್ತದೆ. ಬಣ್ಣ ಬಳಿಯುವವನ ರಕ್ತಕ್ಕೆ ಸೀಸ ಸೇರುತ್ತದೆ. ಯಂತ್ರದ ಸದ್ದಿನಲ್ಲಿ ನಿಂತವನ ಕಿವಿ ಮಂದವಾಗುತ್ತದೆ.

ಒಂದು ದೇಶದಲ್ಲಿ ಹೀಗೆ ಕೆಲಸದಿಂದಲೇ ಕಾಯಿಲೆ ಬಿದ್ದವರು ಎಷ್ಟು ಜನ? ಈ ಪ್ರಶ್ನೆ ಸರಳವಾಗಿ ಕಾಣುತ್ತದೆ. ಆದರೆ ನೂರು ವರ್ಷಗಳ ಹಿಂದೆ ಅಮೆರಿಕದಂತಹ ದೊಡ್ಡ ದೇಶದಲ್ಲಿಯೂ ಇದಕ್ಕೆ ಉತ್ತರ ಹೇಳುವವರು ಯಾರೂ ಇರಲಿಲ್ಲ. ಆ ಉತ್ತರವನ್ನು ಹುಡುಕುತ್ತಾ ಕಾರ್ಖಾನೆಯಿಂದ ಕಾರ್ಖಾನೆಗೆ, ಆಸ್ಪತ್ರೆಯಿಂದ ಆಸ್ಪತ್ರೆಗೆ, ಕೂಲಿಕಾರರ ಮನೆಯಿಂದ ಮನೆಗೆ ನಡೆದವರು ಡಾ. ಆಲಿಸ್ ಹ್ಯಾಮಿಲ್ಟನ್. ನಮ್ಮ ವಿದ್ಯಾರ್ಥಿಗಳೂ ಅವರ ತಂದೆತಾಯಿಯರೂ ತಿಳಿದಿರಬೇಕಾದ ಬದುಕು ಅವರದು.

ಬಾಲ್ಯ ಮತ್ತು ವಿದ್ಯಾಭ್ಯಾಸ

ಆಲಿಸ್ ಹುಟ್ಟಿದ್ದು 1869ರ ಫೆಬ್ರವರಿ 27ರಂದು, ನ್ಯೂಯಾರ್ಕ್ ನಗರದಲ್ಲಿ. ಬೆಳೆದದ್ದು ಇಂಡಿಯಾನಾ ರಾಜ್ಯದ ಫೋರ್ಟ್ ವೇನ್ ಎಂಬ ಊರಿನ ತುಂಬು ಕುಟುಂಬದಲ್ಲಿ. ನಾಲ್ವರು ಹೆಣ್ಣುಮಕ್ಕಳಲ್ಲಿ ಆಲಿಸ್ ಎರಡನೆಯವರು. ಕೊನೆಗೆ ಒಬ್ಬ ತಮ್ಮ. ಅಕ್ಕ ಈಡಿತ್ ಹ್ಯಾಮಿಲ್ಟನ್ ಮುಂದೆ ಗ್ರೀಕ್ ಪುರಾಣಕಥೆಗಳನ್ನು ಇಂಗ್ಲಿಷಿನಲ್ಲಿ ಬರೆದು ಲೋಕಪ್ರಸಿದ್ಧರಾದರು. ಮಕ್ಕಳನ್ನು ಶಾಲೆಗೆ ಕಳಿಸದೆ ತಂದೆತಾಯಿಯೇ ಮನೆಯಲ್ಲಿ ಭಾಷೆ, ಇತಿಹಾಸ, ಸಾಹಿತ್ಯ ಕಲಿಸಿದರು.

1885ರ ಸುಮಾರಿಗೆ ತಂದೆಯ ಸಗಟು ದಿನಸಿ ವ್ಯಾಪಾರ ಮುಳುಗಿತು. ಹೆಣ್ಣುಮಕ್ಕಳೂ ತಮ್ಮ ಕಾಲ ಮೇಲೆ ತಾವು ನಿಲ್ಲಬೇಕಾಯಿತು. ಆಲಿಸ್ ವೈದ್ಯಕೀಯವನ್ನು ಆರಿಸಿಕೊಂಡರು. ವೈದ್ಯೆಯಾದವಳು ಯಾವ ಊರಿಗೆ ಹೋದರೂ, ಎಂಥ ಬಡವರ ಕೇರಿಯಲ್ಲಿದ್ದರೂ ನಾಲ್ಕು ಜನರಿಗೆ ಉಪಯೋಗವಾಗಬಲ್ಲಳು ಎಂಬುದು ಅವರ ಯೋಚನೆಯಾಗಿತ್ತು. ಮನೆಯಲ್ಲಿ ವಿಜ್ಞಾನ ಅಷ್ಟಾಗಿ ಕಲಿತಿರಲಿಲ್ಲವಾದ್ದರಿಂದ ಮೊದಲು ಅದನ್ನು ಕಲಿತು, ನಂತರ ಮಿಷಿಗನ್ ವಿಶ್ವವಿದ್ಯಾಲಯ ಸೇರಿ 1893ರಲ್ಲಿ ವೈದ್ಯಕೀಯ ಪದವಿ ಪಡೆದರು.

1895ರಲ್ಲಿ ಅಕ್ಕನೊಡನೆ ಜರ್ಮನಿಗೆ ಹೋದರು. ಮ್ಯೂನಿಕ್ ಮತ್ತು ಲೈಪ್ಸಿಗ್ ವಿಶ್ವವಿದ್ಯಾಲಯಗಳಲ್ಲಿ ಆಗ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ. ಯಾರ ಕಣ್ಣಿಗೂ ಬೀಳದ ಹಾಗೆ ಕುಳಿತು ಕೇಳುವುದಾದರೆ ಆಗಬಹುದು ಎಂಬ ಷರತ್ತಿನ ಮೇಲೆ ತರಗತಿಗೆ ಬಿಟ್ಟರು. ಇಷ್ಟೆಲ್ಲ ಕಲಿತು ಹಿಂತಿರುಗಿದರೂ ಕೆಲಸ ಸುಲಭವಾಗಿ ಸಿಗಲಿಲ್ಲ. ಕೊನೆಗೆ 1897ರಲ್ಲಿ ಷಿಕಾಗೋ ನಗರದ ಮಹಿಳಾ ವೈದ್ಯಕೀಯ ಕಾಲೇಜಿನಲ್ಲಿ ಅಧ್ಯಾಪಕಿಯಾದರು.

ಹಲ್ ಹೌಸ್ ಎಂಬ ಪಾಠಶಾಲೆ

ಷಿಕಾಗೋದಲ್ಲಿ ಅವರು ವಾಸಕ್ಕೆ ಆರಿಸಿಕೊಂಡ ಮನೆಯೇ ಅವರ ಬದುಕನ್ನು ತಿರುಗಿಸಿತು. ಜೇನ್ ಆಡಮ್ಸ್ ಎಂಬ ಸಮಾಜಸೇವಕಿ ಗೆಳತಿಯೊಬ್ಬರ ಜೊತೆ ಸೇರಿ 1889ರಲ್ಲಿ ಬಡವರ ಕೇರಿಯೊಂದರಲ್ಲಿ ಹಲ್ ಹೌಸ್ ಎಂಬ ಆಶ್ರಮದಂತಹ ಸಂಸ್ಥೆಯನ್ನು ತೆರೆದಿದ್ದರು. ಓದಿದ ಹೆಣ್ಣುಮಕ್ಕಳು ಅಲ್ಲಿಯೇ ಉಳಿದು, ನೆರೆಯ ಬಡವರ ಸುಖದುಃಖಗಳಲ್ಲಿ ಪಾಲುಗೊಳ್ಳುತ್ತಿದ್ದರು. ಆಲಿಸ್ ಇಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಇದ್ದರು. ಹಸುಗೂಸುಗಳಿಗಾಗಿ ಚಿಕಿತ್ಸಾಲಯ ನಡೆಸಿದರು.

ಸುತ್ತಲೂ ಇದ್ದವರು ಇಟಲಿ, ಪೋಲೆಂಡ್, ಗ್ರೀಸ್, ರಷ್ಯಾ ಮೊದಲಾದ ದೇಶಗಳಿಂದ ಹೊಟ್ಟೆಪಾಡಿಗಾಗಿ ಕಡಲು ದಾಟಿ ಬಂದವರು. ಅವರಿಗೆ ಊರಿನ ಭಾಷೆ ಬಾರದು, ಕಾನೂನು ತಿಳಿಯದು, ಯಾರಲ್ಲಿ ದೂರಬೇಕೆಂಬುದೂ ಗೊತ್ತಿಲ್ಲ. ಬೇರೆ ಯಾರೂ ಮಾಡಲೊಲ್ಲದ ಕೆಲಸಗಳೆಲ್ಲ ಅವರ ಪಾಲಿಗೆ ಬರುತ್ತಿದ್ದವು. ಗಟ್ಟಿಮುಟ್ಟಾಗಿದ್ದ ಗಂಡಸರು ಕೆಲವೇ ತಿಂಗಳಲ್ಲಿ ಹೊಟ್ಟೆನೋವಿನಿಂದ ಒದ್ದಾಡುವುದನ್ನು, ಕೈ ಸೋತು ಮನೆ ಹಿಡಿಯುವುದನ್ನು ಆಲಿಸ್ ಕಂಡರು. ಕಾರ್ಖಾನೆಯ ಹೊಗೆಗೂ ಈ ಕಾಯಿಲೆಗೂ ಸಂಬಂಧವಿದೆಯೆ ಎಂಬ ಪ್ರಶ್ನೆ ಹುಟ್ಟಿದ್ದು ಅಲ್ಲಿ.

ಆ ಪ್ರಶ್ನೆ ಹೊಸದೇನೂ ಅಲ್ಲ. ಇಟಲಿಯ ವೈದ್ಯ ಬರ್ನಾರ್ಡಿನೊ ರಮಾಝಿನಿ 1700ರಲ್ಲಿಯೇ ಕಸುಬುದಾರರ ಕಾಯಿಲೆಗಳ ಬಗ್ಗೆ ಗ್ರಂಥ ಬರೆದು, ರೋಗಿಯ ಬಳಿ ನಿಮ್ಮ ಕಸುಬು ಯಾವುದು ಎಂದು ವೈದ್ಯರು ಮರೆಯದೆ ಕೇಳಬೇಕೆಂದು ತಿಳಿಸಿದ್ದರು. ಇಂಗ್ಲೆಂಡ್, ಜರ್ಮನಿಗಳಲ್ಲಿ ಈ ಬಗ್ಗೆ ಕಾನೂನುಗಳೂ ಬಂದಿದ್ದವು. ಅಮೆರಿಕದಲ್ಲಿ ಮಾತ್ರ ನಮ್ಮ ಕಾರ್ಖಾನೆಗಳು ಉತ್ತಮವಾಗಿವೆ, ಇಲ್ಲಿ ಅಂಥ ಕಾಯಿಲೆಗಳೇ ಇಲ್ಲ ಎಂಬ ನಂಬಿಕೆ ಬೇರೂರಿತ್ತು. ಎಣಿಸದೇ ಇದ್ದುದರಿಂದ ಇಲ್ಲವೆಂದು ತಿಳಿದಿದ್ದರು.

ಎಣಿಕೆ ಏಕೆ ಕಷ್ಟ?

ರಸ್ತೆ ಅಪಘಾತವಾದರೆ ಎಲ್ಲರಿಗೂ ತಿಳಿಯುತ್ತದೆ. ಕಟ್ಟಡದಿಂದ ಕೆಲಸಗಾರ ಬಿದ್ದರೆ ಪೊಲೀಸರು ಬರೆದುಕೊಳ್ಳುತ್ತಾರೆ. ಆದರೆ ಕೆಲಸದಿಂದ ಬರುವ ಕಾಯಿಲೆ ಸದ್ದು ಮಾಡದೆ ಬರುತ್ತದೆ. ಕಲ್ಲಿನ ಧೂಳಿನಿಂದ ಶ್ವಾಸಕೋಶ ಕೆಡಲು ಹಲವು ವರ್ಷಗಳೇ ಹಿಡಿಯಬಹುದು. ಬಂದ ಕಾಯಿಲೆಯೂ ಸಾಮಾನ್ಯ ಕೆಮ್ಮಿನಂತೆ, ಸಾಮಾನ್ಯ ಹೊಟ್ಟೆನೋವಿನಂತೆ ಕಾಣುತ್ತದೆ. ವೈದ್ಯರು ಕಸುಬನ್ನು ಕೇಳುವುದಿಲ್ಲ. ಕೇಳಿದರೂ ಕೂಲಿ ಎಂದಷ್ಟೇ ಬರೆದುಕೊಳ್ಳುತ್ತಾರೆ. ಕೆಲಸ ಹೋದೀತೆಂಬ ಭಯದಿಂದ ಕಾರ್ಮಿಕನೂ ಬಾಯಿ ಬಿಡುವುದಿಲ್ಲ. ಕೊನೆಗೆ ಕೈಲಾಗದೆ ಕೆಲಸ ಬಿಟ್ಟು ಹೋಗುತ್ತಾನೆ. ಅವನ ಜಾಗಕ್ಕೆ ಇನ್ನೊಬ್ಬ ಆರೋಗ್ಯವಂತ ಬರುತ್ತಾನೆ. ಯಾವ ದಿನ ಹೋಗಿ ನೋಡಿದರೂ ಕಾರ್ಖಾನೆಯಲ್ಲಿ ಗಟ್ಟಿಮುಟ್ಟಾದವರೇ ಕಾಣುತ್ತಾರೆ. ಕಾಯಿಲೆಯವರು ಹಾಜರಿ ಪುಸ್ತಕದಲ್ಲೇ ಇರುವುದಿಲ್ಲ!

ಇಲಿನಾಯ್ ರಾಜ್ಯದ ಸಮೀಕ್ಷೆ

ಷಿಕಾಗೋ ಇರುವ ಇಲಿನಾಯ್ ರಾಜ್ಯದ ಗವರ್ನರ್ 1908ರಲ್ಲಿ ಔದ್ಯೋಗಿಕ ಕಾಯಿಲೆಗಳ ಬಗ್ಗೆ ಒಂದು ಆಯೋಗವನ್ನು ನೇಮಿಸಿದರು. 1910ರಲ್ಲಿ ಅದರ ಸಮೀಕ್ಷೆ ಆರಂಭವಾಯಿತು. ಅಮೆರಿಕದಲ್ಲಿ ಒಂದು ಇಡೀ ರಾಜ್ಯದ ಮಟ್ಟದಲ್ಲಿ ನಡೆದ ಇಂಥ ಮೊದಲ ಸಮೀಕ್ಷೆ ಇದು. ಇದರ ಹೊಣೆ ಹೊತ್ತವರು ಆಲಿಸ್ ಹ್ಯಾಮಿಲ್ಟನ್. ಯುವ ವೈದ್ಯರು, ವೈದ್ಯಕೀಯ ವಿದ್ಯಾರ್ಥಿಗಳು ಮತ್ತು ಸಮಾಜಸೇವಕರ ಒಂದು ತಂಡ ಅವರ ಜೊತೆಗಿತ್ತು. ಆರ್ಸೆನಿಕ್, ಹಿತ್ತಾಳೆ, ಕಾರ್ಬನ್ ಮೊನಾಕ್ಸೈಡ್ ಮೊದಲಾದವನ್ನು ಇತರರಿಗೆ ಹಂಚಿ, ಸೀಸವನ್ನು ಆಲಿಸ್ ತಾವೇ ವಹಿಸಿಕೊಂಡರು.

ಸೀಸ ಮನುಷ್ಯ ಬಲ್ಲ ಅತಿ ಹಳೆಯ ವಿಷಗಳಲ್ಲಿ ಒಂದು. ಇದರ ಧೂಳು ಅಥವಾ ಆವಿ ದೇಹ ಸೇರಿದರೆ ಮೊದಲು ಹಸಿವು ಅಡಗುತ್ತದೆ, ಮುಖ ಬಿಳಿಚಿಕೊಳ್ಳುತ್ತದೆ. ಮುಂದೆ ತಾಳಲಾರದ ಹೊಟ್ಟೆನೋವು. ಆಮೇಲೆ ಮಣಿಕಟ್ಟಿನ ನರಗಳು ಸೋತು ಅಂಗೈ ಜೋತುಬೀಳುತ್ತದೆ. ವಿಷ ಮಿದುಳಿಗೇರಿದರೆ ಸೆಳೆತ, ಮತಿಭ್ರಮೆ, ಸಾವು. ವಸಡಿನ ಅಂಚಿನಲ್ಲಿ ಮೂಡುವ ನೀಲಿಗಪ್ಪು ಗೆರೆ ಇದರ ಒಂದು ಗುರುತು.

ಆಲಿಸ್ ಕಾರ್ಖಾನೆಗಳನ್ನು ನೋಡಿಬಂದು ಸುಮ್ಮನಾಗಲಿಲ್ಲ. ಕೆಲಸ ಬಿಟ್ಟುಹೋದವರನ್ನು ಹುಡುಕಬೇಕಿತ್ತಲ್ಲ! ಆಸ್ಪತ್ರೆಗಳ ದಾಖಲೆಗಳನ್ನು ತಿರುವಿದರು. ಬಡಾವಣೆಯ ವೈದ್ಯರನ್ನು, ಔಷಧಿ ಅಂಗಡಿಯವರನ್ನು, ಕಾರ್ಮಿಕ ಸಂಘದ ಮುಖಂಡರನ್ನು ವಿಚಾರಿಸಿದರು. ಮನೆಗಳಿಗೇ ಹೋಗಿ ಹೆಂಡತಿಯರೊಡನೆ ಮಾತನಾಡಿದರು. ಗಂಡಸರು ಮುಚ್ಚಿಟ್ಟದ್ದನ್ನು ಹೆಂಗಸರು ಅಡುಗೆಮನೆಯಲ್ಲಿ ಹೇಳುತ್ತಿದ್ದರು.

ಇನ್ನೊಂದು ವಿಷಯದಲ್ಲಿ ಅವರು ಬಹಳ ಕಟ್ಟುನಿಟ್ಟು. ಅನುಮಾನವಿದ್ದ ಯಾವ ರೋಗಿಯನ್ನೂ ಲೆಕ್ಕಕ್ಕೆ ಸೇರಿಸುತ್ತಿರಲಿಲ್ಲ. ವಸಡಿನ ಗೆರೆಯಂತಹ ಸ್ಪಷ್ಟ ಗುರುತು ಇದ್ದರೆ ಮಾತ್ರ ಎಣಿಕೆ. ಸಂಖ್ಯೆ ಸಣ್ಣದಾದರೂ ಸರಿ, ಯಾರೂ ಅಲ್ಲಗಳೆಯುವಂತಿರಬಾರದು ಎಂಬುದು ಅವರ ನಿಯಮವಾಗಿತ್ತು. ಗಣಿತದ ಲೆಕ್ಕದಲ್ಲಿ ಉತ್ತರ ಸಾಲದು, ಹಂತಗಳೂ ಸರಿಯಿರಬೇಕು ಎಂದು ನಿಮ್ಮ ಗಣಿತದ ಗುರುಗಳು ಹೇಳುತ್ತಾರಲ್ಲವೆ? ಅದೇ ಬಗೆಯ ಶಿಸ್ತು ಇದು.

ಸ್ನಾನದ ತೊಟ್ಟಿಯ ಪ್ರಸಂಗವನ್ನು ಇಲ್ಲಿ ಹೇಳಲೇಬೇಕು. ತೊಟ್ಟಿಗೆ ಬಿಳಿ ಎನಾಮಲ್ ಹಾಕುವ ಕೆಲಸಗಾರನೊಬ್ಬನಿಗೆ ಸೀಸದ ವಿಷವೇರಿದೆ ಎಂದು ಆಸ್ಪತ್ರೆಯಲ್ಲಿ ತಿಳಿಯಿತು. ಕಾರ್ಖಾನೆಗೆ ಹೋಗಿ ವಿಚಾರಿಸಿದರೆ, ಇಲ್ಲಿ ಸೀಸವನ್ನೇ ಬಳಸುವುದಿಲ್ಲ ಎಂಬ ಉತ್ತರ. ತೋರಿಸಿದ ಜಾಗದಲ್ಲಿ ಅಪಾಯವೂ ಕಾಣಲಿಲ್ಲ. ಆಲಿಸ್ ಆ ಕೆಲಸಗಾರನನ್ನೇ ಮತ್ತೆ ಕಂಡು ಕೇಳಿದಾಗ, ನಿಜವಾದ ಕೆಲಸ ನಡೆಯುವ ಜಾಗ ಬೇರೆಯೇ ಇದೆ ಎಂದು ಗೊತ್ತಾಯಿತು. ಅಲ್ಲಿ ಕೆಂಪಗೆ ಕಾದ ಕಬ್ಬಿಣದ ತೊಟ್ಟಿಯ ಮೇಲೆ ಕೆಲಸಗಾರರು ಎನಾಮಲ್ ಪುಡಿಯನ್ನು ಜರಡಿ ಹಿಡಿದು ಉದುರಿಸುತ್ತಿದ್ದರು. ಮುಖದ ಸುತ್ತ ಪುಡಿಯ ಮೋಡ. ಆ ಪುಡಿಯನ್ನು ಪರೀಕ್ಷೆ ಮಾಡಿಸಿದಾಗ ಅದರಲ್ಲಿ ಸೀಸವಿತ್ತು.

ಸಮೀಕ್ಷೆ ಮುಗಿದಾಗ ಸೀಸ ಬಳಸುವ ಎಪ್ಪತ್ತಕ್ಕೂ ಹೆಚ್ಚು ಬಗೆಯ ಕೆಲಸಗಳು ಪಟ್ಟಿಯಾಗಿದ್ದವು. ಐನೂರಕ್ಕೂ ಹೆಚ್ಚು ಸೀಸವಿಷದ ಪ್ರಕರಣಗಳು ದಾಖಲೆ ಸಮೇತ ಸಿದ್ಧವಾಗಿದ್ದವು. 1911ರಲ್ಲಿ ವರದಿ ಹೊರಬಂತು. ಅದೇ ವರ್ಷ ಇಲಿನಾಯ್ ರಾಜ್ಯ ಔದ್ಯೋಗಿಕ ಕಾಯಿಲೆಗಳ ಕಾನೂನನ್ನು ಮಾಡಿತು. ಸೀಸದಂತಹ ಅಪಾಯದ ಕೆಲಸಗಳಲ್ಲಿರುವವರಿಗೆ ತಿಂಗಳಿಗೊಮ್ಮೆ ವೈದ್ಯಕೀಯ ತಪಾಸಣೆ ಕಡ್ಡಾಯವಾಯಿತು. ಕಾಯಿಲೆ ಕಂಡರೆ ಸರ್ಕಾರಕ್ಕೆ ತಿಳಿಸಬೇಕಾಯಿತು.

ಅಧಿಕಾರವಿಲ್ಲದ ತನಿಖೆ

1910ರಲ್ಲಿ ಬೆಲ್ಜಿಯಂನ ಬ್ರಸೆಲ್ಸ್ ನಗರದಲ್ಲಿ ಔದ್ಯೋಗಿಕ ಅಪಘಾತ ಮತ್ತು ಕಾಯಿಲೆಗಳ ಬಗ್ಗೆ ಅಂತಾರಾಷ್ಟ್ರೀಯ ಸಮ್ಮೇಳನ ನಡೆಯಿತು. ನಿಮ್ಮ ದೇಶದಲ್ಲಿ ಸೀಸದ ಕಾಯಿಲೆ ಎಷ್ಟಿದೆ, ತಪಾಸಣೆ ಹೇಗಿದೆ, ಪರಿಹಾರ ಎಷ್ಟು ಎಂದು ಅಲ್ಲಿಯವರು ಕೇಳಿದಾಗ ಅಮೆರಿಕದಿಂದ ಹೋದವರು ತಲೆ ತಗ್ಗಿಸಬೇಕಾಯಿತು. ಈ ಮುಖಭಂಗದ ನಂತರ ಕೇಂದ್ರ ಸರ್ಕಾರದ ಕಾರ್ಮಿಕ ಇಲಾಖೆಯ ಮುಖ್ಯಸ್ಥರು, ಇಡೀ ದೇಶದಲ್ಲಿ ಇದೇ ರೀತಿ ಪರಿಶೀಲನೆ ಮಾಡಿಕೊಡಬೇಕೆಂದು ಆಲಿಸ್ ಅವರನ್ನು ಕೇಳಿಕೊಂಡರು.

ಕೆಲಸದ ಕರಾರು ವಿಚಿತ್ರವಾಗಿತ್ತು. ತಿಂಗಳ ಸಂಬಳವಿಲ್ಲ. ವರದಿ ಸಿದ್ಧವಾದ ಮೇಲೆ ಸರ್ಕಾರ ಅದನ್ನು ಕೊಂಡುಕೊಳ್ಳುವುದು. ಕಾರ್ಖಾನೆಯ ಬಾಗಿಲು ತೆರೆಸುವ ಅಧಿಕಾರವೂ ಇಲ್ಲ. ಒಳಗೆ ಬಿಡಿ ಎಂದು ಮಾಲೀಕರನ್ನು ಒಪ್ಪಿಸಿಯೇ ಹೋಗಬೇಕು. ಆಲಿಸ್ ಜಗಳವಾಡದೆ, ಬಗ್ಗದೆ ನಡೆದುಕೊಂಡರು. ಮಾಲೀಕರೆಲ್ಲ ಕೆಟ್ಟವರು ಎಂದು ಅವರು ತಿಳಿಯಲಿಲ್ಲ. ಎಷ್ಟೋ ಜನರಿಗೆ ತಮ್ಮ ಕಾರ್ಖಾನೆಯಲ್ಲಿ ಏನು ನಡೆಯುತ್ತಿದೆ ಎಂಬುದೇ ಗೊತ್ತಿರಲಿಲ್ಲ.

ನ್ಯಾಷನಲ್ ಲೆಡ್ ಕಂಪನಿಯ ಎಡ್ವರ್ಡ್ ಕಾರ್ನಿಶ್ ಅಂಥವರಲ್ಲಿ ಒಬ್ಬರು. ತಮ್ಮ ಕೆಲಸಗಾರರಿಗೆ ವಿಷವೇರುತ್ತಿದೆ ಎಂಬ ಮಾತನ್ನು ಅವರು ನಂಬಲಿಲ್ಲ. ಪುರಾವೆ ತಂದರೆ ತಿದ್ದಿಕೊಳ್ಳುವುದಾಗಿ ಹೇಳಿದರು. ಆಲಿಸ್ ಆಸ್ಪತ್ರೆ ಸೇರುವಷ್ಟು ಕಾಯಿಲೆ ಬಿದ್ದಿದ್ದ 22 ಜನರ ವಿವರಗಳನ್ನು ಅವರ ಮುಂದಿಟ್ಟರು. ಕಾರ್ನಿಶ್ ಮಾತಿಗೆ ತಪ್ಪಲಿಲ್ಲ. ಧೂಳು, ಹೊಗೆ ತಡೆಯುವ ವ್ಯವಸ್ಥೆ ಮಾಡಿಸಿದರು, ವೈದ್ಯರನ್ನು ನೇಮಿಸಿದರು. ಕೆಲಸಗಾರರು ಕೈ ತೊಳೆಯದೆ ಉಣ್ಣುವುದರಿಂದ ಕಾಯಿಲೆ ಬರುತ್ತದೆ ಎಂದು ಆಗ ಎಲ್ಲರೂ ಕೆಲಸಗಾರರನ್ನೇ ದೂರುತ್ತಿದ್ದರು. ಮುಖ್ಯ ಕಾರಣ ಉಸಿರಾಡುವ ಧೂಳು ಮತ್ತು ಆವಿ ಎಂದು ಆಲಿಸ್ ತೋರಿಸಿಕೊಟ್ಟರು. ಕೈಯನ್ನು ಕಾರ್ಮಿಕ ತೊಳೆದುಕೊಳ್ಳಬಹುದು. ಗಾಳಿಯನ್ನು ಮಾಲೀಕನೇ ಶುದ್ಧ ಮಾಡಿಸಬೇಕು.

ಮೊದಲ ಮಹಾಯುದ್ಧದ ಕಾಲದಲ್ಲಿ ಸಿಡಿಮದ್ದಿನ ಕಾರ್ಖಾನೆಗಳ ಸರದಿ ಬಂತು. ಅವು ಎಲ್ಲಿವೆ ಎಂಬುದೇ ಗುಟ್ಟು. ಆಕಾಶದಲ್ಲಿ ಏಳುವ ಹಳದಿ, ಕಿತ್ತಳೆ ಬಣ್ಣದ ಹೊಗೆಯನ್ನು ನೋಡಿಕೊಂಡು, ಮೈಕೈ ಹಳದಿಯಾದ ಕೆಲಸಗಾರರು ರಸ್ತೆಯಲ್ಲಿ ಕಂಡರೆ ಅವರನ್ನು ವಿಚಾರಿಸಿಕೊಂಡು ಆಲಿಸ್ ಅವುಗಳನ್ನು ಪತ್ತೆ ಮಾಡಿದರು. ಇಂಡಿಯಾನಾದ ಕಲ್ಲುಕುಟಿಗರು ಗಾಳಿಯೊತ್ತಡದ ಸುತ್ತಿಗೆ ಹಿಡಿದು ಬೆರಳುಗಳು ಮರಗಟ್ಟಿ ಬಿಳಿಚಿಕೊಳ್ಳುವುದನ್ನು 1918ರಲ್ಲಿ ಅಧ್ಯಯನ ಮಾಡಿದರು. ಮರುವರ್ಷ ಆರಿಜೋನಾದ ತಾಮ್ರದ ಗಣಿಗಳಿಗೂ ಇಳಿದರು. ಆಗ ಅವರಿಗೆ ಐವತ್ತು ವರ್ಷ.

ಹಾರ್ವರ್ಡಿನ ಮೊದಲ ಅಧ್ಯಾಪಕಿ

1919ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯ ಅವರನ್ನು ಸಹಾಯಕ ಪ್ರಾಧ್ಯಾಪಕಿಯಾಗಿ ಕರೆಯಿತು. ಈ ವಿಷಯವನ್ನು ಅವರಷ್ಟು ಬಲ್ಲವರು ದೇಶದಲ್ಲಿ ಬೇರೆ ಯಾರೂ ಇರಲಿಲ್ಲ. ಹಾರ್ವರ್ಡಿನ ಇತಿಹಾಸದಲ್ಲಿ ಅಧ್ಯಾಪಕ ವರ್ಗಕ್ಕೆ ಸೇರಿದ ಮೊದಲ ಮಹಿಳೆ ಅವರು. ಆದರೆ ಮೂರು ಕಟ್ಟುಪಾಡುಗಳಿದ್ದವು: ಅಧ್ಯಾಪಕರ ಕ್ಲಬ್ಬಿಗೆ ಹೋಗುವಂತಿಲ್ಲ, ಫುಟ್ಬಾಲ್ ಪಂದ್ಯದ ಟಿಕೆಟ್ ಕೇಳುವಂತಿಲ್ಲ, ಪದವಿ ಪ್ರದಾನದ ಮೆರವಣಿಗೆಯಲ್ಲಿ ನಡೆಯುವಂತಿಲ್ಲ. 1935ರಲ್ಲಿ ನಿವೃತ್ತರಾಗುವವರೆಗೂ ಒಂದು ಬಡ್ತಿಯೂ ಸಿಗಲಿಲ್ಲ. ಹಾರ್ವರ್ಡ್ ವೈದ್ಯಕೀಯ ಕಾಲೇಜು ವಿದ್ಯಾರ್ಥಿನಿಯರನ್ನು ಸೇರಿಸಿಕೊಂಡದ್ದೇ 1945ರಲ್ಲಿ.

1925ರಲ್ಲಿ ಅಮೆರಿಕದ ಕೈಗಾರಿಕಾ ವಿಷಗಳ ಬಗ್ಗೆ ಅವರ ಗ್ರಂಥ ಪ್ರಕಟವಾಯಿತು. ಅದೇ ವರ್ಷ ಒಂದು ದೊಡ್ಡ ವಿವಾದ ನಡೆಯಿತು. ವಾಹನಗಳ ಇಂಜಿನ್ ಚೆನ್ನಾಗಿ ಓಡಲೆಂದು ಪೆಟ್ರೋಲಿಗೆ ಸೀಸದ ಸಂಯುಕ್ತವನ್ನು ಬೆರೆಸಲು ಕಂಪನಿಗಳು ತೊಡಗಿದ್ದವು. ಅದನ್ನು ತಯಾರಿಸುವಾಗ ನ್ಯೂಜೆರ್ಸಿಯಲ್ಲಿ 1924ರಲ್ಲಿ ಐವರು ಕೆಲಸಗಾರರು ಸತ್ತಿದ್ದರು. ವಾಷಿಂಗ್ಟನ್ನಿನಲ್ಲಿ ಕರೆದ ಸಭೆಯಲ್ಲಿ ಆಲಿಸ್ ಇದನ್ನು ವಿರೋಧಿಸಿದರು. ಸೀಸದ ಧೂಳು ಕಾರ್ಖಾನೆಯೊಳಗೆ ಉಳಿಯದೆ ಬೀದಿಬೀದಿಗೂ ಹರಡುತ್ತದೆ ಎಂಬುದು ಅವರ ವಾದ. ಅವರ ಮಾತು ನಡೆಯಲಿಲ್ಲ. ಸೀಸದ ಪೆಟ್ರೋಲ್ ಜಗತ್ತನ್ನೆಲ್ಲ ಆವರಿಸಿತು. ಅದರ ಕೇಡು ತಿಳಿದು, ಭಾರತದಲ್ಲಿ 2000ದಲ್ಲಿ ನಿಂತಿತು. ವಾಹನಗಳಿಗೆ ಅದನ್ನು ಮಾರುತ್ತಿದ್ದ ಕೊನೆಯ ದೇಶವಾದ ಅಲ್ಜೀರಿಯಾದಲ್ಲಿ 2021ರಲ್ಲಿ ನಿಂತಿತು. ಆ ಸಭೆ ನಡೆದು ಆಗ 96 ವರ್ಷಗಳಾಗಿದ್ದವು.

ನಿವೃತ್ತಿಯ ನಂತರವೂ ಅವರು ಸುಮ್ಮನೆ ಕೂರಲಿಲ್ಲ. ಕೃತಕ ರೇಷ್ಮೆಯ ಕಾರ್ಖಾನೆಗಳಲ್ಲಿ ಕೆಲಸಗಾರರ ನರಗಳನ್ನು ಕೆಡಿಸುತ್ತಿದ್ದ ಕಾರ್ಬನ್ ಡೈಸಲ್ಫೈಡ್ ಬಗ್ಗೆ ಸಮೀಕ್ಷೆ ನಡೆಸಿದರು. 1943ರಲ್ಲಿ ಆತ್ಮಕಥೆ ಬರೆದರು. 1970ರ ಸೆಪ್ಟೆಂಬರ್ 22ರಂದು, ತಮ್ಮ 101ನೆಯ ವಯಸ್ಸಿನಲ್ಲಿ, ಕನೆಕ್ಟಿಕಟ್ ರಾಜ್ಯದ ಹ್ಯಾಡ್ಲೈಮ್ ಎಂಬಲ್ಲಿ ತೀರಿಕೊಂಡರು. ಮೂರು ತಿಂಗಳ ನಂತರ, ಡಿಸೆಂಬರ್ 29ರಂದು, ದೇಶದ ಎಲ್ಲ ಕಾರ್ಮಿಕರ ಸುರಕ್ಷತೆ ಮತ್ತು ಆರೋಗ್ಯಕ್ಕಾಗಿ ಅಮೆರಿಕದ ಕೇಂದ್ರ ಕಾನೂನು ಜಾರಿಗೊಳ್ಳಲು ಅಧ್ಯಕ್ಷರ ಸಹಿ ಬಿತ್ತು. 1995ರಲ್ಲಿ ಅವರ ಚಿತ್ರವಿರುವ ಅಂಚೆಚೀಟಿ ಹೊರಬಂತು.

ನಮಗೂ ಇದಕ್ಕೂ ಏನು ಸಂಬಂಧ?

ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2023ರಲ್ಲಿ ಕೊಟ್ಟ ಅಂದಾಜಿನಂತೆ, ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 30 ಲಕ್ಷ ಜನ ಕೆಲಸಕ್ಕೆ ಸಂಬಂಧಿಸಿದ ಕಾರಣಗಳಿಂದ ಸಾಯುತ್ತಾರೆ. ಇವರಲ್ಲಿ ಅಪಘಾತದಿಂದ ಸಾಯುವವರು ಸುಮಾರು 3 ಲಕ್ಷ 30 ಸಾವಿರ. ಉಳಿದ ಸುಮಾರು 26 ಲಕ್ಷ ಜನರನ್ನು ಕೊಲ್ಲುವುದು ಕಾಯಿಲೆ. ಅಪಘಾತದ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ. ಕಾಯಿಲೆಯ ಸುದ್ದಿ ಬರುವುದಿಲ್ಲ.

ನಮ್ಮ ಕರ್ನಾಟಕಕ್ಕೂ ಈ ಕಥೆ ದೂರದ್ದಲ್ಲ. ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದವು. ಅಲ್ಲಿ ನೆಲದಾಳದಲ್ಲಿ ಕಲ್ಲು ಕೊರೆದವರನ್ನು ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಕಾಡಿತು. ಹತ್ತಿ ಗಿರಣಿಗಳ ಧೂಳಿನಿಂದ ಬರುವ ಉಬ್ಬಸಕ್ಕೆ ಬಿಸಿನೋಸಿಸ್ ಎಂದು ಹೆಸರು. ಭಾರತದಲ್ಲಿ 1948ರ ಕಾರ್ಖಾನೆಗಳ ಕಾಯ್ದೆ ಇಂಥ ಕಾಯಿಲೆಗಳನ್ನು ಪಟ್ಟಿ ಮಾಡಿ, ವೈದ್ಯರು ಕಂಡಾಗ ಸರ್ಕಾರಕ್ಕೆ ತಿಳಿಸಬೇಕೆಂದು ವಿಧಿಸಿತು. ಆದರೆ ನಮ್ಮ ಜನರಲ್ಲಿ ಬಹುಪಾಲು ದುಡಿಯುವುದು ಹೊಲ, ಕಲ್ಲುಕ್ವಾರಿ, ಕಟ್ಟಡ, ಸಣ್ಣ ಅಂಗಡಿಗಳಲ್ಲಿ. ಅವರಿಗೆ ಹಾಜರಿ ಪುಸ್ತಕವೂ ಇಲ್ಲ.

ನಾವು ನೆಲೆಸಿರುವ ಈ ಗಲ್ಫ್ ನಾಡುಗಳ ವಿಷಯ ನಿಮಗೇ ಗೊತ್ತು. ಬೇಸಿಗೆಯಲ್ಲಿ ಮಧ್ಯಾಹ್ನದ ಬಿಸಿಲಿಗೆ ಹೊರಗಿನ ಕೆಲಸ ಮಾಡಿಸಬಾರದೆಂಬ ನಿಯಮವನ್ನು ಇಲ್ಲಿನ ಸರ್ಕಾರಗಳು ಮಾಡಿವೆ. ಶಾಲೆಯ ಬಸ್ಸಿನ ಕಿಟಕಿಯಿಂದ ಕಾಣುವ ಕಟ್ಟಡ ಕೆಲಸಗಾರರು ನೆರಳಿನಲ್ಲಿ ಕುಳಿತಿರುವುದು ಅದಕ್ಕಾಗಿಯೇ. ಹಾಗಿದ್ದರೂ, ಕಡಲು ದಾಟಿ ಬಂದು ದುಡಿಯುವವನ ಕಾಯಿಲೆಯನ್ನು ಎಣಿಸುವುದು ಷಿಕಾಗೋದಲ್ಲಿ ಇದ್ದಷ್ಟೇ ಕಷ್ಟ. ಕೈಲಾಗದಾಗ ಅವನು ವಿಮಾನ ಹತ್ತಿ ಊರಿಗೆ ಮರಳುತ್ತಾನೆ. ಹತ್ತು ವರ್ಷದ ನಂತರ ತನ್ನ ಹಳ್ಳಿಯಲ್ಲಿ ಕೆಮ್ಮುತ್ತಾನೆ. ಎರಡೂ ದೇಶಗಳ ಪುಸ್ತಕದಲ್ಲಿ ಅವನ ಹೆಸರಿರುವುದಿಲ್ಲ.

ಪೋಷಕರಲ್ಲಿ ನಮ್ಮದೊಂದು ವಿನಂತಿ. ವೈದ್ಯರ ಬಳಿ ಹೋದಾಗ ನೀವು ಮಾಡುವ ಕೆಲಸವನ್ನೂ, ಹಿಂದೆ ಮಾಡಿದ್ದ ಕೆಲಸವನ್ನೂ ಅವರು ಕೇಳದಿದ್ದರೂ ಹೇಳಿ. ಊರಿನಲ್ಲಿರುವ ನಿಮ್ಮ ಅಣ್ಣತಮ್ಮಂದಿರಿಗೂ ಹೇಳಲು ತಿಳಿಸಿ.

ಮಕ್ಕಳಿಗೆ ಒಂದು ಮನೆಗೆಲಸ. ಈ ರಜೆಯಲ್ಲಿ ನಿಮಗೆ ಗೊತ್ತಿರುವ ಐದು ಜನರನ್ನು ಆರಿಸಿಕೊಳ್ಳಿ: ನಿಮ್ಮ ತಂದೆ, ತಾಯಿ, ಊರಿನ ಮಾವ, ಬಸ್ಸಿನ ಚಾಲಕರು, ಶಾಲೆಯನ್ನು ಗುಡಿಸುವ ಅಕ್ಕ. ನೀವು ಏನು ಕೆಲಸ ಮಾಡುತ್ತೀರಿ, ಕೆಲಸದಲ್ಲಿ ಏನನ್ನು ಮುಟ್ಟುತ್ತೀರಿ, ಏನನ್ನು ಉಸಿರಾಡುತ್ತೀರಿ, ಸಂಜೆ ಮೈಯಲ್ಲಿ ಎಲ್ಲಿ ನೋಯುತ್ತದೆ ಎಂದು ಅವರನ್ನು ಗೌರವದಿಂದ ಕೇಳಿ, ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಳ್ಳಿ. ಶಾಲೆ ಮತ್ತೆ ತೆರೆದಾಗ ತನ್ನಿ, ಎಲ್ಲರೂ ಕೂಡಿ ಓದೋಣ.